ಎಣಿಸುವುದನ್ನೂ ಕಲಿಸೋಣ



ನಮ್ಮ ಸಂಘದ ವೈದ್ಯಕೀಯ ನೆರವಿನ ಸಮಿತಿಗೆ ನಾನು ಸೇರಿ ಆರು ವರ್ಷವಾಯಿತು. ಅದಕ್ಕೂ ಮೊದಲು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಯಾರ ಚಿಕಿತ್ಸೆಗೆ ನೆರವು ಹೋಯಿತು, ಇನ್ನು ಯಾರಿಗೆ ಬೇಕಾಗಿದೆ ಎಂಬ ವಿವರವನ್ನು ಪ್ರತಿ ಸಂಚಿಕೆಯಲ್ಲಿ ನೀವು ಓದುತ್ತೀರಿ. ಈ ಸಲ ಒಂದೇ ಒಂದು ಅರ್ಜಿಯ ವಿಷಯ ಬರೆಯುತ್ತೇನೆ. ಅದರಿಂದ ನಾನು ಕಲಿತ ಪಾಠ ನಿಮ್ಮ ಮನೆಗೂ ಬೇಕಾದೀತು. ಹೆಣ್ಣುಮಕ್ಕಳಿರುವ ಮನೆಯ ತಂದೆಯರೂ ಇದನ್ನು ಕೊನೆಯವರೆಗೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಪೋರೂರಿನಲ್ಲಿ ನಮ್ಮ ಕಡೆಯ ಒಂದು ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಯ ಹುಡುಗಿಯರಿಗೆ ಮುಟ್ಟಿನ ಬಗ್ಗೆ ಒಂದು ಗಂಟೆ ಪಾಠ ಮಾಡಲು ನನ್ನನ್ನು ಕರೆದಿದ್ದರು. ತಮಿಳಿನಲ್ಲೇ ಮಾತಾಡಿದೆ. ಗರ್ಭಕೋಶದ ಚಿತ್ರ ಬರೆದೆ. ಇದು ಕಾಯಿಲೆಯಲ್ಲ, ಕೊಳೆಯಲ್ಲ ಎಂದೆ. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು, ಬಟ್ಟೆ ಬಳಸುವವರು ಅದನ್ನು ಸೋಪು ಹಾಕಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು, ದಿನವೂ ಸ್ನಾನ ಮಾಡಬಹುದು, ಆಟ ಆಡಬಹುದು ಎಂದೆಲ್ಲ ಹೇಳಿದೆ. ಮಕ್ಕಳು ಮೊದಮೊದಲು ನಕ್ಕು ಆಮೇಲೆ ಗಮನವಿಟ್ಟು ಕೇಳಿದರು. ಪಾಠ ಚೆನ್ನಾಗಿ ಆಯಿತೆಂದೇ ನಾನು ತಿಳಿದುಕೊಂಡೆ.

ಮುಗಿದ ಮೇಲೆ ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹುಡುಗಿ ಹತ್ತಿರ ಬಂದು, "ನೀವು ಕನ್ನಡವಾ ಮಿಸ್?" ಎಂದಳು. ಹೌದೆಂದೆ. ಅವಳ ಅಪ್ಪ ಕುಂದಾಪುರದ ಕಡೆಯವರಂತೆ, ಇಲ್ಲಿ ಹೋಟೆಲಿನಲ್ಲಿ ಅಡುಗೆ ಕೆಲಸ. ಇನ್ನೇನೋ ಕೇಳುವುದಿದ್ದ ಹಾಗೆ ನಿಂತಳು. ಅಷ್ಟರಲ್ಲಿ ಗಂಟೆ ಹೊಡೆಯಿತು. "ಏನಮ್ಮಾ?" ಎಂದೆ. "ಏನಿಲ್ಲ ಮಿಸ್" ಎಂದು ಓಡಿಹೋದಳು.

ಎಂಟು ತಿಂಗಳ ಮೇಲೆ ಅವಳ ಅಮ್ಮ ನಮ್ಮ ಸಂಘಕ್ಕೆ ಅರ್ಜಿ ತಂದರು. "ಮಗಳಿಗೆ ರಕ್ತ ಕಡಿಮೆ" ಎಂದು ಬರೆದಿತ್ತು. ಬೆಳಗಿನ ಪ್ರಾರ್ಥನೆಗೆ ನಿಂತಿದ್ದಾಗ ಹುಡುಗಿ ಕುಸಿದು ಬಿದ್ದಿದ್ದಳು. ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 5.2. ಹನ್ನೆರಡರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಇದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವಳಿಗೆ ಆಗ ಹದಿಮೂರು ವರ್ಷ.

ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಅವರು ಮೂರು ಪ್ರಶ್ನೆ ಕೇಳಿದರು. ಮುಟ್ಟು ಎಷ್ಟು ದಿನ ಇರುತ್ತದೆ? ದಿನಕ್ಕೆ ಎಷ್ಟು ಪ್ಯಾಡ್ ಪೂರ್ತಿ ನೆನೆಯುತ್ತದೆ? ರಾತ್ರಿ ಎದ್ದು ಬದಲಾಯಿಸಬೇಕಾಗುತ್ತದೆಯೇ? ಹತ್ತು ಹನ್ನೊಂದು ದಿನ ಎಂದಳು ಹುಡುಗಿ. ಮೊದಲ ಮೂರು ದಿನ ಲೆಕ್ಕವೇ ಇಲ್ಲ, ರಾತ್ರಿ ಎರಡು ಸಲ ಏಳಬೇಕು ಎಂದಳು.

"ಅಷ್ಟೆಲ್ಲ ಆಗುತ್ತಿದ್ದರೂ ಯಾರಿಗೂ ಯಾಕೆ ಹೇಳಲಿಲ್ಲ?" ಎಂದರು ಡಾಕ್ಟರಮ್ಮ.

ಅವಳು ನನ್ನ ಕಡೆ ನೋಡಿ ಕನ್ನಡದಲ್ಲಿ ಹೇಳಿದಳು: "ಎಷ್ಟು ಹೋದರೆ ಜಾಸ್ತಿ ಅಂತ ನನಗೆ ಗೊತ್ತಿರಲಿಲ್ಲ ಮಿಸ್."

ಆ ಮಾತನ್ನು ತಮಿಳಿಗೆ ತಿರುಗಿಸಿ ಹೇಳಲು ನನಗೆ ತುಸು ಹೊತ್ತು ಹಿಡಿಯಿತು. ಒಂದು ಗಂಟೆ ಪಾಠ ಮಾಡಿದ ನಾನು ಅದೊಂದನ್ನು ಹೇಳಿರಲಿಲ್ಲ. ಪ್ಯಾಡ್ ಎಷ್ಟು ಹೊತ್ತಿಗೆ ಬದಲಾಯಿಸಬೇಕೆಂದು ಹೇಳಿದ್ದೆ. ಎಷ್ಟು ಪ್ಯಾಡಾದರೆ ವೈದ್ಯರ ಬಳಿ ಹೋಗಬೇಕೆಂದು ಹೇಳಿರಲಿಲ್ಲ.

ಅಷ್ಟರಲ್ಲಿ ಅವಳ ಅಮ್ಮ ಸಮಾಧಾನ ಹೇಳುವವರಂತೆ, "ಹೆಣ್ಣುಮಕ್ಕಳಿಗೆ ಇದೆಲ್ಲ ಇದ್ದದ್ದೇ ಅಲ್ವಾ ಟೀಚರೇ. ನಂಗೂ ಹೀಗೇ. ನಮ್ಮಮ್ಮನಿಗೂ ಹೀಗೇ ಇತ್ತು" ಎಂದರು. ಇದನ್ನು ತಮಿಳಿನಲ್ಲಿ ಹೇಳಿದೊಡನೆ ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅಮ್ಮನನ್ನೇ ವಿಚಾರಿಸತೊಡಗಿದರು. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಯಿತೇ? ಹಲ್ಲು ಕೀಳಿಸಿದಾಗ ಬೇಗ ನಿಂತಿತೇ? ಮಗಳಿಗೆ ಚಿಕ್ಕಂದಿನಲ್ಲಿ ಮೂಗಿನಿಂದ ರಕ್ತ ಬರುತ್ತಿತ್ತೇ? ಎಲ್ಲದಕ್ಕೂ ಉತ್ತರ ಇತ್ತು. ಮಗಳ ಮೂಗಿನಿಂದ ರಕ್ತ ಬಂದಾಗಲೆಲ್ಲ ಮದ್ರಾಸಿನ ಬಿಸಿಲು, ಮೈ ಉಷ್ಣ ಎಂದು ಎಳನೀರು ಕುಡಿಸಿ, ನೆತ್ತಿಗೆ ಹರಳೆಣ್ಣೆ ಹಾಕುತ್ತಿದ್ದರು.

ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳಾದ ಮೇಲೆ ಕಾಯಿಲೆಯ ಹೆಸರು ಗೊತ್ತಾಯಿತು: ವಾನ್ ವಿಲೆಬ್ರಾಂಡ್ ಕಾಯಿಲೆ. ಗಾಯವಾದಾಗ ರಕ್ತ ನಿಲ್ಲಲು ಬೇಕಾದ ಒಂದು ಪ್ರೋಟೀನು ಕಡಿಮೆ ಇರುವುದು ಅಥವಾ ಸರಿಯಾಗಿ ಕೆಲಸ ಮಾಡದಿರುವುದು ಇದರ ಕಾರಣ. ಸಾಮಾನ್ಯವಾಗಿ ತಂದೆಯಿಂದಲೋ ತಾಯಿಯಿಂದಲೋ ಬರುತ್ತದೆ. ಗಂಡುಮಕ್ಕಳಿಗೂ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಅನೇಕ ಸಲ ಮೊದಲ ಮುಟ್ಟಿನಲ್ಲೇ ಬಯಲಾಗುತ್ತದೆ.

ನೂರು ವರ್ಷದ ಹಿಂದಿನ ಒಂದು ಹುಡುಗಿ

ಈ ಕಾಯಿಲೆಯ ಚರಿತ್ರೆಯೂ ಒಬ್ಬ ಹುಡುಗಿಯಿಂದಲೇ ಶುರುವಾಗುತ್ತದೆ. 1924ರಲ್ಲಿ ಫಿನ್ಲೆಂಡಿನ ಓಲಾಂಡ್ ದ್ವೀಪಗಳಿಂದ ಐದು ವರ್ಷದ ಯೊರ್ಡಿಸ್ ಎಂಬ ಮಗುವನ್ನು ಹೆಲ್ಸಿಂಕಿಯಲ್ಲಿ ಎರಿಕ್ ವಾನ್ ವಿಲೆಬ್ರಾಂಡ್ ಎಂಬ ವೈದ್ಯರ ಬಳಿಗೆ ಕರೆತಂದರು. ಮೂಗು, ತುಟಿಗಳಿಂದ ರಕ್ತ ಸೋರಿದರೆ ನಿಲ್ಲುತ್ತಿರಲಿಲ್ಲ. ಅವಳ ಅಕ್ಕತಂಗಿಯರಲ್ಲಿ ಕೆಲವರು ಎಳೆವಯಸ್ಸಿನಲ್ಲೇ ರಕ್ತಸ್ರಾವದಿಂದ ತೀರಿಕೊಂಡಿದ್ದರು. ವೈದ್ಯರು ಆ ಮನೆತನದ 66 ಮಂದಿಯ ವಿವರ ಕಲೆಹಾಕಿದಾಗ 23 ಮಂದಿಗೆ ಈ ತೊಂದರೆ ಇರುವುದು ಕಂಡಿತು. 1926ರಲ್ಲಿ ಅದನ್ನು ಪ್ರಕಟಿಸಿದರು. ಆ ಹುಡುಗಿ ಮಾತ್ರ ಉಳಿಯಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ, ನಾಲ್ಕನೆಯ ಮುಟ್ಟಿನಲ್ಲಿ, ರಕ್ತ ನಿಲ್ಲದೆ ತೀರಿಕೊಂಡಳು.

ಆಗ ಔಷಧ ಇರಲಿಲ್ಲ. ಈಗ ಇದೆ. ನಮ್ಮ ಹುಡುಗಿಗೆ ರಕ್ತ ಕೊಟ್ಟರು, ಕಬ್ಬಿಣಾಂಶದ ಔಷಧ ಕೊಟ್ಟರು, ಮುಟ್ಟಿನ ದಿನಗಳಲ್ಲಿ ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಬರೆದುಕೊಟ್ಟರು. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ತಾನಾಗಿ ನುಂಗಬಾರದು, ಯಾವ ವೈದ್ಯರ ಬಳಿ ಹೋದರೂ ಕಾಯಿಲೆಯ ಹೆಸರು ಮೊದಲು ಹೇಳಬೇಕು ಎಂದು ತಿಳಿಸಿದರು. ಅಮ್ಮನಿಗೂ ಪರೀಕ್ಷೆ ಮಾಡಿಸಿದೆವು. ಮೂವತ್ತೆಂಟು ವರ್ಷ ಅವರು ಅದೇ ಕಾಯಿಲೆಯನ್ನು "ಇದ್ದದ್ದೇ" ಎಂದು ಹೊತ್ತುಕೊಂಡು ಬಂದಿದ್ದರು.

ಹೆಚ್ಚು ರಕ್ತ ಹೋಗುವ ಎಲ್ಲರಿಗೂ ಈ ಕಾಯಿಲೆ ಇರುವುದಿಲ್ಲ, ಗಾಬರಿ ಬೇಡ. ಹೊಸದಾಗಿ ಮುಟ್ಟಾದ ಹುಡುಗಿಯರಲ್ಲಿ ಅಂಡೋತ್ಪತ್ತಿ ಇನ್ನೂ ಸರಿಯಾಗಿ ಶುರುವಾಗದಿರುವುದೇ ಹೆಚ್ಚಿನ ಸಲ ಕಾರಣ. ಥೈರಾಯ್ಡ್ ತೊಂದರೆಯೂ ಇರಬಹುದು. ಕಾರಣ ಹುಡುಕುವುದು ವೈದ್ಯರ ಕೆಲಸ. ಅವರ ಬಳಿಗೆ ಹೋಗಬೇಕೆಂದು ಗೊತ್ತಾಗುವುದು ಮನೆಯವರಿಗೆ ಸೇರಿದ್ದು. ಅದಕ್ಕೆ ಲೆಕ್ಕ ಬೇಕು.

ಎಷ್ಟು ಸರಿ, ಎಷ್ಟು ಹೆಚ್ಚು?

ನಮ್ಮ ದೇಶದಲ್ಲಿ ಸುಮಾರು ಹದಿಮೂರನೆಯ ವಯಸ್ಸಿಗೆ ಮೊದಲ ಮುಟ್ಟು ಬರುತ್ತದೆ. ಒಂದೆರಡು ವರ್ಷ ಹಿಂದೆ ಮುಂದೆ ಆಗಬಹುದು. ಹದಿನೈದು ತುಂಬಿದರೂ ಬರದಿದ್ದರೆ, ಇಲ್ಲವೇ ಎಂಟು ತುಂಬುವ ಮೊದಲೇ ಬಂದರೆ ವೈದ್ಯರಿಗೆ ತೋರಿಸಬೇಕು.

ಮೊದಲ ಒಂದೆರಡು ವರ್ಷ ದಿನಗಳು ಏರುಪೇರಾಗುವುದು ಸಹಜ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 21ರಿಂದ 45 ದಿನದ ಅಂತರ ಈ ವಯಸ್ಸಿನಲ್ಲಿ ಸರಿಯೇ. ರಕ್ತ ಹೋಗುವುದು ಎರಡರಿಂದ ಏಳು ದಿನ. ಒಂದು ಮುಟ್ಟಿನಲ್ಲಿ ಒಟ್ಟು ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರು, ಎರಡು ಮೂರು ದೊಡ್ಡ ಚಮಚದಷ್ಟು. 80 ಮಿಲಿಲೀಟರು ದಾಟಿದರೆ ಅದು ಅತಿಯಾದ ಸ್ರಾವ.

ಯಾರೂ ರಕ್ತವನ್ನು ಅಳೆದು ನೋಡಲಾರರು. ಅದಕ್ಕಾಗಿ 1990ರಲ್ಲಿ ಬ್ರಿಟನ್ನಿನ ವೈದ್ಯರು ಪ್ಯಾಡ್ ನೋಡಿ ಅಂಕ ಹಾಕುವ ಸುಲಭ ಪಟ್ಟಿಯೊಂದನ್ನು ಮಾಡಿದರು. ಈಗಲೂ ಬಳಕೆಯಲ್ಲಿದೆ. ಲೆಕ್ಕ ಹೀಗೆ:

ಸ್ವಲ್ಪ ಕಲೆಯಾದ ಪ್ಯಾಡಿಗೆ 1 ಅಂಕ.
ಅರ್ಧದಷ್ಟು ನೆನೆದ ಪ್ಯಾಡಿಗೆ 5 ಅಂಕ.
ಪೂರ್ತಿ ನೆನೆದ ಪ್ಯಾಡಿಗೆ 20 ಅಂಕ.
ಹೆಪ್ಪುಗಟ್ಟಿದ ಸಣ್ಣ ಗಡ್ಡೆಗೆ 1, ದೊಡ್ಡ ಗಡ್ಡೆಗೆ 5.
ಪ್ಯಾಡ್ ಮೀರಿ ಹರಿದು ಬಟ್ಟೆಯಾದರೆ ಪ್ರತಿ ಸಲಕ್ಕೆ 5.

ಒಂದು ಮುಟ್ಟಿನ ಎಲ್ಲ ದಿನದ ಅಂಕ ಕೂಡಿಸಿ. 100 ದಾಟಿದರೆ ವೈದ್ಯರಿಗೆ ತೋರಿಸಿ.

ಒಂದು ಉದಾಹರಣೆ ನೋಡೋಣ. ಮೊದಲ ದಿನ ಅರ್ಧ ನೆನೆದ ಮೂರು ಪ್ಯಾಡ್: 15. ಎರಡನೆಯ ದಿನ ಪೂರ್ತಿ ನೆನೆದದ್ದು ಒಂದು, ಅರ್ಧ ನೆನೆದದ್ದು ಮೂರು: 35. ಮೂರನೆಯ ದಿನ ಅರ್ಧ ನೆನೆದದ್ದು ಎರಡು, ಸ್ವಲ್ಪ ಕಲೆಯಾದದ್ದು ಒಂದು: 11. ನಾಲ್ಕನೆಯ ದಿನ 3, ಐದನೆಯ ದಿನ 2. ಒಟ್ಟು 66. ಈ ಹುಡುಗಿಗೆ ಚಿಂತೆಯಿಲ್ಲ. ನಮ್ಮ ಹುಡುಗಿ ಚಿಕಿತ್ಸೆಗೆ ಮುಂಚಿನ ದಿನಗಳನ್ನು ನೆನೆಸಿಕೊಂಡು ಬರೆದಾಗ ಮೊದಲ ದಿನ ಪೂರ್ತಿ ನೆನೆದ ಪ್ಯಾಡ್ ನಾಲ್ಕು, ಅರ್ಧ ನೆನೆದದ್ದು ಎರಡು. ಅಲ್ಲಿಗೇ 90. ಎರಡನೆಯ ದಿನ ಬೆಳಗಿನ ತಿಂಡಿಯ ಹೊತ್ತಿಗೆ ನೂರು ದಾಟಿತ್ತು.

ಪ್ಯಾಡುಗಳಲ್ಲಿ ದೊಡ್ಡದು ಚಿಕ್ಕದು ಇರುವುದರಿಂದ ಇದು ಅಂದಾಜಿನ ಲೆಕ್ಕ. ಬಟ್ಟೆ ಬಳಸುವವರಿಗೆ ಈ ಅಂಕಗಳು ಸರಿಯಾಗಿ ಹೊಂದುವುದಿಲ್ಲ. ಅಂಥವರು ಈ ಗುರುತುಗಳನ್ನು ನೆನಪಿಟ್ಟುಕೊಳ್ಳಲಿ: ಏಳು ದಿನಕ್ಕಿಂತ ಹೆಚ್ಚು ಸ್ರಾವ, ಒಂದೆರಡು ಗಂಟೆಗೊಮ್ಮೆ ಬದಲಾಯಿಸಲೇಬೇಕಾದ ಸ್ಥಿತಿ, ರಾತ್ರಿ ನಿದ್ದೆಯಿಂದ ಎದ್ದು ಬದಲಾಯಿಸುವುದು, ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಗಡ್ಡೆಗಳು. ಇವುಗಳ ಜೊತೆ ಮೂಗು, ಒಸಡುಗಳಿಂದ ರಕ್ತ, ಪೆಟ್ಟಿಲ್ಲದೆ ಮೈಮೇಲೆ ನೀಲಿಗಟ್ಟುವುದು, ಮನೆಯ ಬೇರೆ ಹೆಂಗಸರಿಗೂ ಹೀಗೇ ಆಗುವುದು ಇದ್ದರೆ ತಡಮಾಡಬೇಡಿ. ತಲೆಸುತ್ತು, ಎದೆ ಡವಡವ, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಅದೇ ದಿನ ಹೋಗಿ.

ಮಾತು ಬೇಕು

ಆ ಹುಡುಗಿ ಅಂದು ನನ್ನ ಬಳಿ ಬಂದು ಕೇಳದೆ ಹೋದದ್ದೇಕೆ ಎಂದು ಆಮೇಲೆ ವಿಚಾರಿಸಿದೆ. "ಕನ್ನಡದಲ್ಲಿ ಅದಕ್ಕೆ ಏನು ಅನ್ನಬೇಕೋ ಗೊತ್ತಾಗಲಿಲ್ಲ" ಎಂದಳು. ಮನೆಯಲ್ಲಿ "ಹೊರಗೆ" ಎನ್ನುತ್ತಾರೆ. ನೆರೆಮನೆಯ ತಮಿಳು ಅಜ್ಜಿ "ವೀಟ್ಟುಕ್ಕು ತೂರಂ" ಎನ್ನುತ್ತಾರೆ, ಅಂದರೆ ಮನೆಗೆ ದೂರ. ಶಾಲೆಯಲ್ಲಿ ಪೀರಿಯಡ್ಸ್. ಮೂರು ಭಾಷೆ ಆಡುವ ಮಗುವಿಗೆ ತನ್ನ ಮೈಯಿಂದ ರಕ್ತ ಹೆಚ್ಚು ಹೋಗುತ್ತಿದೆ ಎಂದು ಹೇಳಲು ಒಂದು ವಾಕ್ಯ ಸಿಗಲಿಲ್ಲ.

ಹೊರಗೆ ಕೂರಿಸುವ ಮನೆಯಲ್ಲಿ ಮಗುವಿಗೆ ಎಷ್ಟು ರಕ್ತ ಹೋಗುತ್ತಿದೆ ಎಂದು ನೋಡುವವರೂ ಇರುವುದಿಲ್ಲ. 2018ರ ನವೆಂಬರಿನಲ್ಲಿ ಗಜ ಚಂಡಮಾರುತ ಬಂದಾಗ ತಂಜಾವೂರು ಜಿಲ್ಲೆಯಲ್ಲಿ, ಮೊದಲ ಸಲ ಋತುಮತಿಯಾದ ಬಾಲಕಿಯೊಬ್ಬಳನ್ನು ಬೇರೆ ಗುಡಿಸಲಿನಲ್ಲಿ ಇರಿಸಿದ್ದರು. ಗುಡಿಸಲ ಮೇಲೆ ತೆಂಗಿನಮರ ಬಿದ್ದು ಅವಳು ತೀರಿಕೊಂಡಳು. ನಮ್ಮ ತುಮಕೂರು, ಚಿತ್ರದುರ್ಗದ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ರೂಢಿ ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ಹನ್ನೆರಡನೆಯ ಶತಮಾನದಲ್ಲೇ ಶರಣರು ರಜಸ್ಸಿನ ಸೂತಕವನ್ನೂ ಸೇರಿಸಿ ಐದು ಸೂತಕಗಳನ್ನು ತಳ್ಳಿಹಾಕಿದ ನಾಡೂ ನಮ್ಮದೇ. ಆಚರಣೆ ಇಟ್ಟುಕೊಳ್ಳುವುದು ಬಿಡುವುದು ಅವರವರ ಮನೆಗೆ ಸೇರಿದ್ದು. ಹುಡುಗಿ ದೊಡ್ಡವಳಾದಾಗ ಆರತಿ ಎತ್ತಿ ಚಿಗಳಿ ಉಂಡೆ ಕೊಡುವುದು ನನಗೂ ಇಷ್ಟ. ಎಳ್ಳು ಬೆಲ್ಲ ಒಳ್ಳೆಯ ಆಹಾರ. ಉಂಡೆ ಕೊಡುವ ಕೈಯಲ್ಲೇ ಒಂದು ಸಣ್ಣ ನೋಟುಬುಕ್ಕನ್ನೂ ಕೊಡಿ ಎಂದು ಮಾತ್ರ ಕೇಳುತ್ತೇನೆ.

ಈಗಾಗಲೇ ಏನಿದೆ, ಏನು ಬೇಕು

ಸರ್ಕಾರಗಳು ಏನೂ ಮಾಡಿಲ್ಲ ಎನ್ನಲಾಗದು. ತಮಿಳುನಾಡಿನಲ್ಲಿ 2012ರಲ್ಲಿ ಆರಂಭವಾದ 'ಪುದು ಯುಗಂ' ಯೋಜನೆ, ಕರ್ನಾಟಕದಲ್ಲಿ 2013-14ರಲ್ಲಿ ಬಂದ 'ಶುಚಿ' ಯೋಜನೆ ಹುಡುಗಿಯರಿಗೆ ಉಚಿತ ಪ್ಯಾಡ್ ತಲುಪಿಸಿದವು. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರು ಅಗ್ಗದ ಪ್ಯಾಡ್ ಮಾಡುವ ಯಂತ್ರ ಕಂಡುಹಿಡಿದು 2016ರಲ್ಲಿ ಪದ್ಮಶ್ರೀ ಪಡೆದರು. 2018ರ ಜುಲೈಯಲ್ಲಿ ಪ್ಯಾಡಿನ ಮೇಲಿನ ಜಿಎಸ್‌ಟಿ ತೆಗೆದರು. 2019ರಲ್ಲಿ ಜನೌಷಧಿ ಅಂಗಡಿಗಳಲ್ಲಿ ಪ್ಯಾಡಿನ ಬೆಲೆಯನ್ನು ಒಂದಕ್ಕೆ ಒಂದು ರೂಪಾಯಿಗೆ ಇಳಿಸಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವರ್ಷದವರಲ್ಲಿ ಶುಚಿಯಾದ ಸಾಧನ ಬಳಸುವವರು 2015-16ರಲ್ಲಿ ಶೇ. 57.6 ಇದ್ದದ್ದು 2019-21ಕ್ಕೆ ಶೇ. 77.3 ಆಯಿತು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನೋಡಿ. 15ರಿಂದ 19 ವರ್ಷದ ಹುಡುಗಿಯರಲ್ಲಿ ರಕ್ತಹೀನತೆ ಇರುವವರು ಶೇ. 54.1ರಿಂದ ಶೇ. 59.1ಕ್ಕೆ ಏರಿದರು. ರಕ್ತಹೀನತೆಗೆ ಆಹಾರ, ಜಂತುಹುಳು ಮೊದಲಾದ ಅನೇಕ ಕಾರಣಗಳಿವೆ. ಆದರೂ ಪ್ಯಾಡ್ ಕೈಗೆ ಬಂದ ಮಾತ್ರಕ್ಕೆ ಆರೋಗ್ಯ ಬರಲಿಲ್ಲ ಎಂಬುದಂತೂ ಸ್ಪಷ್ಟ.

ಆದ್ದರಿಂದ ಈಗ ನನ್ನ ಪಾಠ ಬದಲಾಗಿದೆ. ಐದನೇ ತರಗತಿಯಿಂದಲೇ, ಮೊದಲ ಮುಟ್ಟಿಗೆ ಮುಂಚೆಯೇ ಶುರುಮಾಡುತ್ತೇನೆ. ಅಂಕದ ಪಟ್ಟಿಯನ್ನು ಹಲಗೆಯ ಮೇಲೆ ಬರೆದು ಲೆಕ್ಕ ಮಾಡಿಸುತ್ತೇನೆ. ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಒಂದು ವಾಕ್ಯ ಗಟ್ಟಿಯಾಗಿ ಹೇಳಿಸುತ್ತೇನೆ: "ನನಗೆ ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ." ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಊಟದ ನಂತರ ನುಂಗಿ, ಎಸೆಯಬೇಡಿ ಎನ್ನುತ್ತೇನೆ. ಮನೆಯಲ್ಲಿ ನುಗ್ಗೆಸೊಪ್ಪು, ಹುರುಳಿ, ಮೊಟ್ಟೆ, ಮಾಂಸ, ಮೀನು, ಯಾವುದು ರೂಢಿಯೋ ಅದು ಇರಲಿ. ಊಟದ ಜೊತೆ ನಿಂಬೆರಸ ಇರಲಿ. ಕಾಫಿ, ಟೀಯನ್ನು ಊಟಕ್ಕೆ ಒಂದು ಗಂಟೆ ದೂರವಿಡಿ. ಹಿಮೋಗ್ಲೋಬಿನ್ ತೀರ ಕೆಳಗಿಳಿದವರಿಗೆ ಬರೀ ಸೊಪ್ಪು ಸಾಲದು, ಔಷಧ ಬೇಕೇ ಬೇಕು.

ಅಮ್ಮಂದಿರೇ, "ನನಗೂ ಹೀಗೇ ಇತ್ತು" ಎಂದು ಮಗಳಿಗೆ ಹೇಳುವ ಮುನ್ನ ನಿಮ್ಮ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ನಿಮಗೂ ನೂರು ದಾಟಿದರೆ ಇಬ್ಬರೂ ಹೋಗಿ. ಅಪ್ಪಂದಿರೇ, ಅಂಗಡಿಯಿಂದ ಪ್ಯಾಡ್ ತರುವವರು ಬಹಳ ಮನೆಗಳಲ್ಲಿ ನೀವೇ. ತಿಂಗಳಿಗೆ ಎಷ್ಟು ಪೊಟ್ಟಣ ಆಗುತ್ತಿದೆ ಎಂದು ಮೊದಲು ಗೊತ್ತಾಗುವುದೂ ನಿಮಗೇ.

ನಿಮ್ಮಲ್ಲಿ ಕೋರಿಕೆ

ಎಳುಂಬೂರಿನ ಸರ್ಕಾರಿ ಮಕ್ಕಳ ಆಸ್ಪತ್ರೆ, ಹೆರಿಗೆ ಮತ್ತು ಸ್ತ್ರೀರೋಗ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ. ತಮಿಳುನಾಡಿನ ಮುಖ್ಯಮಂತ್ರಿ ಆರೋಗ್ಯ ವಿಮೆ ಯೋಜನೆಯೂ ಇದೆ. ಆದರೆ ರೇಷನ್ ಕಾರ್ಡನ್ನು ಊರಿನಲ್ಲೇ ಬಿಟ್ಟು ಬಂದ ಹೋಟೆಲ್ ಕೆಲಸಗಾರರ, ಕಟ್ಟಡ ಕೆಲಸಗಾರರ ಕುಟುಂಬಗಳಿಗೆ ಆ ವಿಮೆ ಸಿಗುವುದು ಕಷ್ಟ. ಆಸ್ಪತ್ರೆಗೆ ಹೋದ ದಿನದ ಕೂಲಿಯೂ ಹೋಗುತ್ತದೆ. ಹೊರಗೆ ಮಾಡಿಸಬೇಕಾದ ಪರೀಕ್ಷೆಗೆ, ತಿಂಗಳ ಮಾತ್ರೆಗೆ, ಓಡಾಟಕ್ಕೆ ನಮ್ಮ ವೈದ್ಯಕೀಯ ನಿಧಿ ನೆರವಾಗುತ್ತದೆ. ಆ ನಿಧಿ ತುಂಬುವುದು ನಿಮ್ಮಿಂದ.

ಹಣ ಕೊಡಬಲ್ಲವರು ಕೊಡಿ. ಎಷ್ಟಾದರೂ ಸರಿ, ರಸೀದಿ ಕೊಡುತ್ತೇವೆ. ಹಣಕ್ಕಿಂತ ಸಮಯ ಇರುವ ಹೆಂಗಸರು, ಕನ್ನಡ ತಮಿಳು ಎರಡೂ ಬಲ್ಲವರು, ತಿಂಗಳಿಗೆ ಒಂದು ದಿನ ಆಸ್ಪತ್ರೆಗೆ ಜೊತೆಗೆ ಬನ್ನಿ. ಡಾಕ್ಟರ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸುವ ಒಬ್ಬರು ಪಕ್ಕದಲ್ಲಿರದಿದ್ದರೆ, "ನಮ್ಮಮ್ಮನಿಗೂ ಹೀಗೇ ಇತ್ತು" ಎಂಬ ಮಾತು ಅಂದು ಡಾಕ್ಟರಮ್ಮನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಆ ಹುಡುಗಿ ಈಗ ಒಂಬತ್ತನೇ ತರಗತಿಯಲ್ಲಿದ್ದಾಳೆ. ಕಳೆದ ತಿಂಗಳು ಹಿಮೋಗ್ಲೋಬಿನ್ 11.4 ಇತ್ತು. ಇನ್ನೂ ಸ್ವಲ್ಪ ಏರಬೇಕು. ಹೋದ ಭಾನುವಾರ ಸಂಘಕ್ಕೆ ಬಂದಿದ್ದವಳು ತನ್ನ ನೋಟುಬುಕ್ಕು ತೋರಿಸಿದಳು. ಕೊನೆಯ ಸಾಲಿನಲ್ಲಿ ಒಟ್ಟು 84 ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಪಕ್ಕದ ಪುಟದಲ್ಲಿ ಬೇರೆ ಕೈಬರಹದ ಲೆಕ್ಕ ಇತ್ತು. "ಅದು ಅಮ್ಮಂದು ಮಿಸ್" ಎಂದಳು.